ಬಾಯ್ಲರ್ ಚಾಚಾ ನುಡಿದ ಸಾಕ್ಷಿ

ಅವರ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕೂದಲೂ ಇರಲಿಲ್ಲ. ಹಬೆ ಬಡಿದು ಸುಲಿದುಹೋಗಿದ್ದ ಚರ್ಮ ಮತ್ತೆ ಬೆಳೆದಾಗ ನುಣ್ಣಗೆ, ನಸುಗೆಂಪಾಗಿ ಬೆಳೆದಿತ್ತು. ಒಲೆಯ ಬಾಗಿಲು ತೆರೆದು ಉರಿಯ ಬಣ್ಣ ನೋಡಿದರೆ ಸಾಕು, ಒಳಗೇನು ಸುಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಬಾಯ್ಲರ್ ಚಾಚಾ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ ಶೇಂಗಾ ಸಿಪ್ಪೆ ಸುಟ್ಟು ಕರೆಂಟು ಮಾಡುವ ಆ ಕಾರ್ಖಾನೆಯಲ್ಲಿ ನನಗೆ ಬೂದಿ ಪರೀಕ್ಷಿಸುವ ಕೆಲಸ ಸಿಕ್ಕಿತ್ತು. ಬಿ.ಎಸ್ಸಿ. ಓದಿದ್ದ ನನಗೆ ಬೂದಿ ಮುಟ್ಟಿ ನೋಡುವುದನ್ನು ಕಲಿಸಿದವರು ಚಾಚಾ. "ಒಲೆ ಮುಂದೆ ಸುಳ್ಳು ಹೇಳಬಾರ್ದು ಬೇಟಿ, ಮುಖಕ್ಕೇ ಬರ್ತೈತೆ" ಎನ್ನುತ್ತಿದ್ದರು.

ಸಿಪ್ಪೆ ಸಾಲದಾದಾಗ ಟಾರ್ಪಾಲು ಮುಚ್ಚಿದ ಲಾರಿಗಳಲ್ಲಿ ಕಲ್ಲಿದ್ದಲು ಬರತೊಡಗಿತು. ನಿಯಮದಲ್ಲಿ ಸ್ವಲ್ಪ ಬೆರೆಸಲು ಅವಕಾಶವಿತ್ತು. ಕಂಪನಿಯವರು ಸಿಪ್ಪೆಯನ್ನೇ ಸ್ವಲ್ಪ ಬೆರೆಸುತ್ತಿದ್ದರು. ಅವರು ಹೇಳಿದಂತೆ ನಾನು ವರದಿಯಲ್ಲಿ ಸುಳ್ಳು ಅಂಕಿ ಬರೆದು, ನಿಜವಾದದ್ದನ್ನು ನನ್ನ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಸಿಪ್ಪೆಗೆಂದು ಕಟ್ಟಿದ ಒಲೆಯಲ್ಲಿ ಕಲ್ಲಿದ್ದಲು ಕರಗಿ ಕಿಟ್ಟ ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ಪಕ್ಕದ ನನ್ನಿವಾಳ ಊರಿನ ಕೆಲಸಗಾರನೊಬ್ಬ ಸಲಾಕೆಯಿಂದ ಆ ಕಿಟ್ಟ ಒಡೆಯುತ್ತಿದ್ದಾಗ ಬೆಂಕಿ ಬಾಗಿಲಿನಿಂದ ಹೊರಕ್ಕೆ ನುಗ್ಗಿತು. ಚಾಚಾ ಒದ್ದೆ ಗೋಣಿ ಸುತ್ತಿ ಅವನನ್ನು ಎಳೆದು ತಂದರು. ಗೋಣಿ ಬಿಚ್ಚಿದಾಗ ಬೆನ್ನಿನ ಚರ್ಮವೂ ಅದರ ಜೊತೆ ಬಂತು. ಆಸ್ಪತ್ರೆಯ ದಾರಿಯಲ್ಲೇ ಅವನು ಸತ್ತ.

"ಕುಡಿದು ಬಂದಿದ್ದ ಅಂತ ಬರ್ದಿದೆ, ಸಹಿ ಹಾಕ್ರಿ," ಅಂದ ಮ್ಯಾನೇಜರ್.

"ಅವ್ನು ಒಂದಿನಾನೂ ಕುಡ್ದೋನಲ್ಲ. ನಾನ್ ಹಾಕಲ್ಲ," ಅಂದರು ಚಾಚಾ.

ಅದೇ ವಾರ ಪತ್ರಿಕೆಯಲ್ಲಿ ಪ್ರಕಟಣೆಯೊಂದು ಬಂತು. ವಿದ್ಯುತ್ ದರ ನಿಗದಿ ಮಾಡುವ ಆಯೋಗ ಇಂಥ ಕಾರ್ಖಾನೆಗಳಿಗೆ ಹೊಗೆಯ ಲೆಕ್ಕದಲ್ಲಿ ದರ ಕೊಡುವ ಹೊಸ ನಿಯಮ ಮಾಡಲು ಜಿಲ್ಲಾ ಕೇಂದ್ರದಲ್ಲಿ ಜನರ ಅಹವಾಲು ಕೇಳಲಿತ್ತು. ನಾನು ಅದನ್ನು ಚಾಚಾಗೆ ಓದಿ ಹೇಳಿದೆ.

"ಹೊಗೇನ ಇವ್ರು ಹೆಂಗೆ ತೂಗ್ತಾರೆ ಬೇಟಿ?"

"ಸಿಪ್ಪೆ ಸುಟ್ಟ ಹೊಗೇನ ಲೆಕ್ಕಕ್ಕೆ ಹಿಡಿಯಲ್ಲ ಚಾಚಾ. ಮುಂದಿನ ಬೆಳೆ ಅದನ್ನ ವಾಪಸ್ ಹೀರ್ಕೊಂತೈತೆ. ಕಲ್ಲಿದ್ದಲಿಂದು ನೆಲದೊಳಗಿಂದು, ಹೊರಗೆ ಬಂದಿದ್ದು ಹಂಗೇ ಉಳಿದು ಭೂಮಿ ಕಾಯಿಸ್ತೈತೆ. ಅದಕ್ಕೇ ಸಿಪ್ಪೆ ಕರೆಂಟಿಗೆ ಜಾಸ್ತಿ ದರ."

"ಹಂಗಾರೆ ನಾವು ಭೂಮಿ ಸುಟ್ಟು ಸಿಪ್ಪೆ ಅಂತ ಹೇಳ್ತಾ ಇದೀವಿ. ನಾನು ಹೋಗ್ತೀನಿ."

ಮಾತು ಮ್ಯಾನೇಜರ್ ಕಿವಿಗೆ ಬಿತ್ತು. ಅಹವಾಲಿನ ಹಿಂದಿನ ದಿನ, ನಡುಮಧ್ಯಾಹ್ನ, ಮ್ಯಾನೇಜರ್ ಹಿಂದೆಮುಂದೆ ತಿರುಗುವ ನಾಲ್ಕು ಜನ ಚಾಚಾರನ್ನು ಕಾರ್ಖಾನೆಯ ಅಂಗಳದಲ್ಲಿ ಕೆಡವಿದರು. ಒಬ್ಬ ತೋಳಿನ ಮೇಲೆ ನಿಂತ. ಇನ್ನೊಬ್ಬ ಕಿಟ್ಟ ಒಡೆಯುವ ಸಲಾಕೆ ಎತ್ತಿ ಬಲಗೈ ಬೆರಳುಗಳ ಮೇಲೆ ಹೊಡೆದ. ಒಂದಲ್ಲ, ಮೂರು ಸಲ. ಕಿಟಕಿಯಿಂದ ನೋಡುತ್ತಿದ್ದ ನನಗೆ ಮೂಳೆ ಒಡೆದ ಸದ್ದೂ ಕೇಳಿತು. ಸಂಜೆ ಬಂದ ಪೊಲೀಸರಿಗೆ ನಾನು "ಏನೂ ನೋಡಲಿಲ್ಲ" ಅಂದೆ.

ಆಸ್ಪತ್ರೆಯಲ್ಲಿ ಚಾಚಾ ನನ್ನ ಮುಖ ನೋಡಿ, "ಹೆದರ್ಕೊಂಡೆ, ಇರ್ಲಿ ಬಿಡು. ಹೊಡ್ತ ಕಂಡ್ರೆ ಯಾರಿಗಾದ್ರೂ ಹೆದ್ರಿಕೆನೇ," ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವರು ಪಟ್ಟಿ ಕಟ್ಟಿದ ಕೈಯಲ್ಲೇ ಸಭಾಂಗಣಕ್ಕೆ ಬಂದರು. ಪಟ್ಟಿಯಿಂದ ರಕ್ತ ಒಸರುತ್ತಿತ್ತು. ನಾನೂ ಹೋಗಿ ಹಿಂದೆ ಕೂತಿದ್ದೆ. ಕಂಪನಿಯ ವಕೀಲ ಎದ್ದು, ಓದುಬರಹ ಬಾರದವನ ಮಾತಿಗೆ ಏನು ಬೆಲೆ ಎಂದು ಕೇಳಿದ. ಆಯೋಗದ ಸದಸ್ಯರು ಮಾತ್ರ ಸಮಾಧಾನದಿಂದ, "ನಿಯಮ ಮಾಡಬೇಕಾದರೆ ಅಳೆಯೋಕೆ ಏನಾದರೂ ಬೇಕಲ್ಲ. ನಿಮ್ಮ ಹತ್ತಿರ ಏನಿದೆ?" ಅಂದರು.

"ಬೂದಿ ಐತೆ ಸ್ವಾಮಿ. ಸಿಪ್ಪೆ ಬೂದಿ ಉಫ್ ಅಂದ್ರೆ ಹಾರ್ತೈತೆ, ಕಲ್ಲಿದ್ದಲಿಂದು ಕಲ್ಲಾಗ್ತೈತೆ. ಅದನ್ನ ಒಡ್ಯಾಕೆ ಹೋಗಿ ಒಬ್ಬ ಸುಟ್ಟು ಸತ್ತ."

"ಪರೀಕ್ಷೆ ಮಾಡಿದವರು ಯಾರು?"

ಚಾಚಾ ನನ್ನ ಕಡೆ ತಿರುಗಲೂ ಇಲ್ಲ. ನನ್ನನ್ನು ಉಳಿಸಲೆಂದೇ ನೆಲ ನೋಡುತ್ತ ನಿಂತರು. ನಾನು ಎದ್ದೆ. "ನಾನು ಮಾಡಿದ್ದು ಸಾರ್," ಅಂದೆ. ನೋಟ್‌ಬುಕ್ ತೆಗೆದು ನಿಜವಾದ ಅಂಕಿಗಳನ್ನು ಓದಿದೆ.

ಹೊರಗೆ ಮೆಟ್ಟಿಲ ಮೇಲೆ ಅದೇ ಜನ ಕಾದಿದ್ದರು. ನನ್ನತ್ತ ಬೀಸಿದ ಕಲ್ಲಿಗೆ ಚಾಚಾ ಅಡ್ಡ ಬಂದರು. ಕಲ್ಲು ತಲೆಗೆ ಬಿತ್ತು. ಈ ಸಲ ನಾನು ಪೊಲೀಸರಿಗೆ ನಾಲ್ವರ ಹೆಸರನ್ನೂ ಬರೆದುಕೊಟ್ಟೆ. ಹಿಂದಿನ ದಿನ ನೋಡಿದ್ದನ್ನೂ ಹೇಳಿದೆ.

ಆಯೋಗದ ಆದೇಶ ಬರಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ತಲೆಯ ಪೆಟ್ಟಿನಿಂದ ಚಾಚಾ ಹಾಸಿಗೆ ಹಿಡಿದಿದ್ದರು. ಒಂದು ಕಿವಿ ಕೇಳುತ್ತಿರಲಿಲ್ಲ. ಚಳ್ಳಕೆರೆಯ ಅವರ ಮನೆಯಲ್ಲಿ ಕೂತು, ಇನ್ನೊಂದು ಕಿವಿಯ ಹತ್ತಿರ ಓದಿದೆ. ಪ್ರತಿ ಕಾರ್ಖಾನೆಯ ಬೂದಿಯನ್ನು ಹೊರಗಿನವರು ಪರೀಕ್ಷಿಸಬೇಕು. ಮಿತಿ ಮೀರಿ ಕಲ್ಲಿದ್ದಲು ಸುಟ್ಟರೆ ಹೆಚ್ಚಿನ ದರ ರದ್ದು. ಭೂಮಿ ಕಾಯಿಸುವ ಹೊಗೆ ಕಡಿಮೆ ಮಾಡಲೆಂದು ಕೊಡುವ ದರ ಅದನ್ನು ಹೆಚ್ಚಿಸುವವರಿಗೆ ಸಲ್ಲದು. ಅವರ ಮುಖ ಅರಳಿತು.

"ಸತ್ತೋನ ಬಗ್ಗೆ ಏನೈತೆ?"

"ಅದು ತಮ್ಮ ವ್ಯಾಪ್ತಿಗೆ ಬರಲ್ಲ ಅಂತ ಬರ್ದಿದಾರೆ ಚಾಚಾ."

"ಯಾರ ವ್ಯಾಪ್ತಿಗೆ ಬರ್ತೈತೋ ಅವ್ರಿಗೆ ಅರ್ಜಿ ಬರಿ. ನಾನು ಹೇಳ್ತೀನಿ," ಅಂದರು.

ಉಸಿರು ಕಟ್ಟಿದಾಗ ನಿಲ್ಲಿಸುತ್ತ, ಆ ಮಧ್ಯಾಹ್ನದ ಬೆಂಕಿಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಓದು ಬಾರದಿದ್ದರೂ ಸಹಿಯೊಂದನ್ನು ಹಾಕಲು ಕಲಿತಿದ್ದರು, ಆದರೆ ಬಲಗೈ ಏಳಲಿಲ್ಲ. ನಾಳೆ ಎಡಗೈ ಹೆಬ್ಬೆಟ್ಟು ಒತ್ತುವೆ, ಶಾಯಿ ತಾ ಅಂದರು. ಮರುದಿನ ನಾನು ಶಾಯಿ ತೆಗೆದುಕೊಂಡು ಹೋದಾಗ ಅಂಗಳದಲ್ಲಿ ಜನ ಸೇರಿದ್ದರು.

ಚಾಚಾರನ್ನು ಮಣ್ಣು ಮಾಡಿ ಬಂದ ಅವರ ಮಗ ಅರ್ಜಿಯನ್ನು ನನ್ನ ಕೈಗಿಟ್ಟ. ಕೆಳಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ನಾನು ನನ್ನ ಹೆಸರು ಬರೆದು ಸಹಿ ಹಾಕಿದೆ.