ಆಲ್ಪ್ಸ್ ಪರ್ವತದಲ್ಲಿ ನನಗಿಟ್ಟ ಬೆಂಚು

ನಾನು ಕಳೆದುಹೋಗಿರಲಿಲ್ಲ. ಕೂರಿಸಿ ಹೋದರು, ಬೇಸರ ಬಂತು, ಎದ್ದು ಮನೆಗೆ ಬಂದೆ, ನಡೆದದ್ದು ಇಷ್ಟೇ. ಮುಂಡರಗಿಯ ನಮ್ಮ ಓಣಿಯವರು ಮಾತ್ರ "ಮುದುಕಿ ಕಪ್ಪತಗುಡ್ಡದಾಗ ತಪ್ಪಿಸ್ಕೊಂಡಿತ್ತಂತ" ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ. ನೀವಾದರೂ ಸರಿಯಾಗಿ ಕೇಳಿಕೊಳ್ಳಿ.

ನನ್ನ ಅಳಿಯ ವೀರಣ್ಣನದು ಬೀಜ-ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಕಂಪನಿಯವರು ಪ್ರವಾಸಕ್ಕೆ ಕಳಿಸುವ ಪದ್ಧತಿಯುಂಟು. ಈ ಸಲ ಆಲ್ಪ್ಸ್ ಎಂಬ ಹಿಮದ ಪರ್ವತಕ್ಕೆ, ಮನೆಯ ಮೂವರಿಗೆ. ಮೊಮ್ಮಗಳಿಗೆ ಪರೀಕ್ಷೆ ಇದ್ದುದರಿಂದ ಮೂರನೆಯ ಜಾಗ ನನಗೆ ಬಂತು. ಪ್ರೀತಿಯಿಂದ ಕೊಟ್ಟರೆಂದು ನಾನೇನೂ ತಿಳಿದಿಲ್ಲ. ಖಾಲಿ ಇತ್ತು, ಕೊಟ್ಟರು. ಆದರೂ ಹಿಮದ ಮೇಲೆ ನನ್ನ ಕಾಲಿನಿಂದಲೇ ನಡೆದು ಬರಬೇಕೆಂಬ ಆಸೆ ಆ ದಿನವೇ ಹತ್ತಿತು. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಭೂಪಟ ತಿಳಿಯದಿರಬಹುದು, ನಡೆಯುವುದಕ್ಕೆ ಯಾವ ಇಯತ್ತೆ ಬೇಕು?

ಅಲ್ಲಿ ಯಾವ ದಿನ ಯಾವ ದಾರಿಯಲ್ಲಿ ನಡೆಯಬೇಕೆಂಬುದನ್ನು ಅವರವರೇ ಆರಿಸಿಕೊಳ್ಳಬೇಕಂತೆ. ವೀರಣ್ಣ ಗೋಡೆಗೆ ದೊಡ್ಡದೊಂದು ನಕ್ಷೆ ಹಚ್ಚಿ, ನಮ್ಮ ಸೀಮೆಯ ಮನುಷ್ಯ ಹೇಗೆ ಯೋಚಿಸಬೇಕೋ ಹಾಗೆಯೇ ಯೋಚಿಸಿದ: ನೆರಳು ಎಲ್ಲಿದೆ, ನೀರು ಎಲ್ಲಿದೆ. ಬಿಸಿಲೇರುವುದರೊಳಗೆ ಮುಗಿಯಲೆಂದು ಎಲ್ಲ ನಡಿಗೆಗಳನ್ನೂ ಕೋಳಿ ಕೂಗುವ ಹೊತ್ತಿಗೇ ಶುರುಮಾಡಿದ. ಮಧ್ಯಾಹ್ನವೆಲ್ಲ ಖೋಲಿಯಲ್ಲಿ ಪರದೆ ಎಳೆದು ಮಲಗುವುದು. ಸರೋವರದ ದಂಡೆಯುದ್ದಕ್ಕೂ ಹೋಗುವ ದಾರಿಗೆ ಕುಡಿಯುವ ನೀರಿನ ಕ್ಯಾನು ಹೊರುವುದು. ಅಲ್ಲಿಯ ಜನ ಬಿಸಿಲು ಕಾಣಲೆಂದೇ ಗುಡ್ಡ ಹತ್ತುವುದನ್ನು ಟಿ.ವಿ.ಯಲ್ಲಿ ನೋಡಿದ್ದ ನಾನು ಬಾಯಿ ತೆರೆದೆ. ಮಗಳು ಗಿರಿಜಾ, "ಅವ್ವಾ, ನೀ ಸುಮ್ನಿರು, ಅವರು ತಿಳದಾವ್ರದಾರ" ಎಂದಳು. ಎದ್ದು ನಕ್ಷೆಯ ಹತ್ತಿರ ಹೋದೆ.

ಪ್ರತಿ ದಾರಿಯ ಬುಡದಲ್ಲೂ ಒಂದೊಂದು ಕೆಂಪು ಚುಕ್ಕೆ ಇತ್ತು.

"ಇದೇನ್ರಿ?" ಎಂದೆ.

"ಅದು ನಿಮ್ಮ ಬೆಂಚ್ರಿ ಅತ್ತಿ. ನಾವು ಹತ್ತಿ ಬರೂತನಾ ನೀವು ಬ್ಯಾಗ್ ನೋಡ್ಕೊಂತ ಆರಾಮ ಕುಂಡ್ರೂದು."

"ಎಲ್ಲಾ ದಿನಾನೂ ಕುಂಡ್ರೂದಾ?"

"ದಿನಾ ಬ್ಯಾರೆ ಬ್ಯಾರೆ ಬೆಂಚ್ ಅದಾವಲ್ರಿ!"

ಅಷ್ಟು ದೂರ ಹಾರಿ ಹೋಗಿ ಬ್ಯಾಗು ಕಾಯುವುದಾದರೆ ಗದಗಿನ ಬಸ್ ಸ್ಟ್ಯಾಂಡಿಗೆ ಏನಾಗಿದೆ? ಅಲ್ಲಿ ಗುರುತಿನವರಾದರೂ ಸಿಗುತ್ತಾರೆ.

ಹೊರಡುವ ಮುನ್ನ ತಾಲೀಮು ಬೇಕೆಂದು ಒಂದು ರವಿವಾರ ಕಾರಿನಲ್ಲಿ ಕಪ್ಪತಗುಡ್ಡಕ್ಕೆ ಹೋದೆವು. ಸುಡುವ ಬೇಸಿಗೆ, ಮೈಗೆ ರೂಢಿಯಾಗಲೆಂದು ಮೂವರಿಗೂ ಸ್ವೆಟರು, ಕೈಗವಸು, ಮಂಕಿ ಕ್ಯಾಪು. ಎದುರಾದ ಕುರಿಗಾಹಿಯೊಬ್ಬ ನಮ್ಮನ್ನು ನೋಡಿ ಕುರಿಗಳನ್ನು ಆಚೆ ಹೊಡೆದುಕೊಂಡು ಹೋದ. ಅಳಿಯ ಒಂದು ಬಂಡೆ ತೋರಿಸಿ, "ಇದ ಬೆಂಚ್ ಅಂತ ತಿಳೀರಿ" ಎಂದ. ಆಚೆಗಿದ್ದ ಬೇವಿನ ಗಿಡವನ್ನು ಕೇಬಲ್ ಕಾರು, ಅಂದರೆ ಜನರನ್ನು ಪರ್ವತಕ್ಕೆ ಒಯ್ಯಲು ತಂತಿಯ ಮೇಲೆ ತೂಗುತ್ತ ಹೋಗುವ ಡಬ್ಬಿ, ಎಂದು ತಿಳಿಯಬೇಕಂತೆ. ಗಂಡ ಹೆಂಡತಿ ಅದರ ಬುಡದಲ್ಲಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಕುಳಿತು, ಪರ್ವತದ ಮೇಲೆ ಮುಟ್ಟುವಷ್ಟು ಹೊತ್ತು ಕಾದು, ಇಳಿದವರಂತೆ ಎದ್ದು ನಡೆದರು.

ನಾನು ಬಂಡೆಯ ಮೇಲೆ ಕುಳಿತೆ. ಬಂಡೆ ಕಾದಿತ್ತು. ನಾನು ಬ್ಯಾಗು ನೋಡಿದೆ, ಬ್ಯಾಗು ನನ್ನನ್ನು ನೋಡಿತು. ವಯಸ್ಸಾದವರನ್ನು ಕೂರಿಸಲು ಮದುವೆಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲೆಲ್ಲೂ ಒಂದು ಜಾಗ ತೆಗೆದಿಟ್ಟಿರುತ್ತಾರೆ. ಕೂರಿಸಿದವರಿಗೆ ಮರ್ಯಾದೆ ಮಾಡಿದ ಸಮಾಧಾನ, ಕೂತವರಿಗೆ ಏನೆಂಬುದನ್ನು ಅವರು ಒಮ್ಮೆಯೂ ಕೂತು ನೋಡಿರುವುದಿಲ್ಲ. ಬ್ಯಾಗು ಹೆಗಲಿಗೇರಿಸಿ ಗುಡ್ಡ ಇಳಿದೆ, ಹಿರೇವಡ್ಡಟ್ಟಿಗೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿದೆ, ಅಲ್ಲಿಂದ ಬಸ್ಸು. ನೀರಿನ ಕ್ಯಾನು ಅವರ ಹತ್ತಿರವೇ ಇತ್ತು; ರೊಟ್ಟಿ, ಮೊಬೈಲು, ಕಾರಿನ ಕೀಲಿ ನನ್ನ ಹೆಗಲಲ್ಲಿದ್ದವೆಂಬುದು ಮನೆಗೆ ಬಂದು ಬ್ಯಾಗು ತೆರೆದಾಗ ಗೊತ್ತಾಯಿತು. ರೊಟ್ಟಿ ತಿಂದೆ.

ಸಂಜೆ ಇಬ್ಬರೂ ಯಾರದೋ ಟಂಟಂ ಆಟೋ ಹಿಡಿದು ಬಂದರು. ಗಿಡಗಂಟಿಯೆಲ್ಲ ಹುಡುಕಿ, ಕೂಗಿ ಕೂಗಿ ಗಂಟಲು ಬಿದ್ದಿತ್ತು.

"ಅವ್ವಾ, ನಿನ್ನ ಕರಕೊಂಡು ಹೋಗೂದ ಬ್ಯಾಡ! ಅಲ್ಲಿ ಹಿಂಗ ಎದ್ದು ಹೊಂಟ್ರ ಬ್ಯಾರೆ ದೇಶಕ್ಕ ಹೋಗಿ ಮುಟ್ಟತಿ," ಎಂದಳು ಗಿರಿಜಾ.

"ಮುಟ್ಟಿದ್ರ ಅದನ್ನೂ ನೋಡಿ ಬರ್ತೇನಿ."

ಅಳಿಯನ ತಲೆಯ ಮೇಲೆ ಕ್ಯಾಪು ಇನ್ನೂ ಇತ್ತು. "ಕುಂಡ್ರೂದು ಒಂದ ಕೆಲಸ ಇತ್ತಲ್ರಿ ಅತ್ತಿ. ಅಷ್ಟೂ ಆಗಂಗಿಲ್ಲಾ ನಿಮಗ?"

ನನ್ನ ಜಾಗ ಹೋಗುವ ಲಕ್ಷಣ ಕಂಡಿತು. "ಕುಂಡ್ರೂದು ಹಗೂರ ಕೆಲಸ ಅಂದ್ರಿ? ಹಂಗಾರ ನಾಳೆ ನೀವು ಕುಂಡ್ರಿ. ನಾ ತಿರುಗಾಡಿ ಬರೂತನಾ ಏಳಲಿಲ್ಲಂದ್ರ, ನಾ ಮನ್ಯಾಗ ಉಳೀತೇನಿ. ಎದ್ರಿ ಅಂದ್ರ, ನನ್ನ ಬೆಂಚ್ ಎಲ್ಲಾ ನಿಮ್ಮವು."

"ಆತ್ರಿ," ಎಂದ, ನಗುತ್ತ.

ಮರುದಿನ ಬೆಳಿಗ್ಗೆ ಅಳಿಯನನ್ನು ಎಬ್ಬಿಸಿ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿದೆ, ತೊಡೆಯ ಮೇಲೆ ಬ್ಯಾಗು ಇಟ್ಟೆ, ಸೆರಗು ಸಿಕ್ಕಿಸಿ ಗದಗ ರಸ್ತೆ ಹಿಡಿದೆ. ಹಾಲಿನ ಡೇರಿ ದಾಟುವುದರೊಳಗೆ ಹಿಂದಿನಿಂದ ಚಪ್ಪಲಿಯ ಸಪ್ಪಳ ಕೇಳಿತು.

"ಅತ್ತಿ, ನಿಲ್ರಿ, ನಾನೂ ಬರ್ತೇನಿ!"

"ಬರ್ರಿ," ಎಂದೆ. ನಿಲ್ಲಲಿಲ್ಲ.