ಕೆಂಪು ಪೆಟ್ಟಿಗೆಗೆ ಕಿಟಕಿ ಪಕ್ಕದ ಸೀಟು

ಮದುವೆಯಾದ ಎರಡನೆಯ ವರ್ಷ ನನ್ನ ಹೆಂಡತಿ ಬಸುರಿಯಾದಳು, ಊಟ ಬಿಟ್ಟಳು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನಾಗ ಮಾರನಹಳ್ಳಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್. ಅವಳು ಮಂಗಳೂರಿನ ಕಡಲ ಪಕ್ಕದಲ್ಲಿ ಬೆಳೆದವಳು. ಮೂಲದಲ್ಲಿ ನಾವೂ ಅಲ್ಲಿಯವರೇ. ಆದರೆ ಅಜ್ಜ ಘಟ್ಟ ಹತ್ತಿದ ಮೇಲೆ ನಮ್ಮ ಮೀನಿನ ಜ್ಞಾನ ಲಾರಿಯಿಂದ ಇಳಿದದ್ದನ್ನು ತಿನ್ನುವಷ್ಟಕ್ಕೇ ನಿಂತಿತ್ತು.

ಐದನೆಯ ತಿಂಗಳಾದರೂ ವಾಂತಿ ನಿಲ್ಲಲಿಲ್ಲ. ಗಂಜಿ ಕೊಟ್ಟರೆ ಗಂಜಿ ಹೊರಗೆ, ಹಣ್ಣು ಕೊಟ್ಟರೆ ಹಣ್ಣು ಹೊರಗೆ. ಸಕಲೇಶಪುರದ ಡಾಕ್ಟರು ಅವಳ ತೂಕ ನೋಡಿ ಮುಖ ಗಂಟಿಕ್ಕಿದರು. "ಏನಾದ್ರೂ ಹೊಟ್ಟೇಲಿ ನಿಲ್ಲಲೇಬೇಕು. ಘಟ್ಟ ಇಳಿಸಿ ತವರಿಗೆ ಕಳ್ಸೋ ಯೋಚ್ನೆ ಮಾತ್ರ ಬೇಡ" ಎಂದರು. ನನಗೆ ಹೆದರಿಕೆಯಾಯಿತು. ಹೆದರಿದಾಗ ಅಂಗಡಿಗೆ ಹೋಗಿ ಏನಾದರೊಂದು ಸಾಮಾನು ಕೊಳ್ಳುವುದು ನನ್ನ ಹುಟ್ಟುಗುಣ.

"ತಾಜಾ ಬಂಗುಡೆ ಸಾರಿದ್ದಿದ್ದರೆ ಎರಡು ತುತ್ತು ಹೋಗುತ್ತಿತ್ತೇನೋ" ಎಂದು ಅವಳು ಒಂದು ಸಂಜೆ ಅಂದದ್ದೇ ಸಾಕಾಯಿತು. ಮರುದಿನವೇ ಘಟ್ಟ ಇಳಿದೆ.

ಮಂಗಳೂರಿನಲ್ಲಿ ಗಲ್ಫ್ ಸಾಮಾನು ಮಾರುವ ಅಂಗಡಿಯಲ್ಲಿ ಎರಡು ಐಸ್ ಪೆಟ್ಟಿಗೆಗಳಿದ್ದವು. ಒಂದು ಕೆಂಪು ಪ್ಲಾಸ್ಟಿಕ್ಕಿನದು, ಬಿಳಿ ಮುಚ್ಚಳ, ಹೊಳೆಯುವ ಹಿಡಿ. ಇನ್ನೊಂದು ಊರ ಬಡಗಿ ಮಾಡಿದ ಮರದ್ದು. ಒಳಗೆ ಮೂರು ಬೆರಳು ದಪ್ಪದ ಥರ್ಮೋಕೋಲ್, ಅದರ ಮೇಲೆ ತಗಡು. ಅಂಗಡಿಯವನು ಪ್ರಾಮಾಣಿಕ. ಕೆಂಪು ಪೆಟ್ಟಿಗೆಯ ಅಂಚಿಗೆ ಕಾಗದದ ಚೂರಿಟ್ಟು ಮುಚ್ಚಳ ಹಾಕಿ ಎಳೆದ. ಕಾಗದ ಸಲೀಸಾಗಿ ಬಂತು. ಮರದ್ದರಲ್ಲಿ ಎಳೆದಾಗ ಕಾಗದ ಹರಿಯಿತು. "ಗಾಳಿ ಹೋಗುವಲ್ಲಿ ಐಸ್ ನಿಲ್ಲುವುದಿಲ್ಲ. ಮೀನಿಗಾದರೆ ಇದನ್ನೇ ಕೊಂಡುಹೋಗಿ" ಎಂದ. ನಾನು ಕೆಂಪನ್ನೇ ಆರಿಸಿದೆ. ಮರದ ಪೆಟ್ಟಿಗೆ ಹೊತ್ತರೆ ಜನ ನನ್ನನ್ನು ಮೀನು ಮಾರುವವನು ಎಂದುಕೊಂಡಾರು, ಕೆಂಪನ್ನು ಹಿಡಿದರೆ ಗಲ್ಫಿನಿಂದ ಬಂದವನು ಎಂದುಕೊಂಡಾರು. ಲೆಕ್ಕಾಚಾರ ಇಷ್ಟೇ.

ಬಂದರಿನಲ್ಲಿ ಮೀನು ಮಾರುವ ಹೆಂಗಸು ಪೆಟ್ಟಿಗೆಯ ತಳಕ್ಕೆ ಐಸ್ ಹಾಸಿ, ಬಂಗುಡೆ ಜೋಡಿಸಿ, ಮೇಲೆ ಮತ್ತೆ ಐಸ್ ತುಂಬಿದಳು. "ದೊಡ್ಡ ದೊಡ್ಡ ಗಟ್ಟಿಯೇ ಹಾಕಿದ್ದೇನೆ, ಹುಡಿ ಮಾಡಿದರೆ ಬೇಗ ಕರಗ್ತದೆ. ಮೇಲೊಂದು ಗೋಣಿ ಹೊದೆಸಿ. ಮನೆ ಮುಟ್ಟುವವರೆಗೆ ಮುಚ್ಚಳ ತೆಗೆಯಬೇಡಿ ಮಾರಾಯ್ರೆ" ಎಂದಳು. ಗೋಣಿ ಹೊದೆಸಿದರೆ ಕೆಂಪು ಬಣ್ಣ ಕಾಣುವುದು ಹೇಗೆ? ಗೋಣಿ ಬೇಡವೆಂದೆ.

ಬಸ್ಸಿಗೆ ಮೊದಲು ಹೆಂಡತಿಯ ತವರಿಗೆ ಹೋದೆ. ಬರುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದರಿಂದ ಅತ್ತೆ ಒಳ್ಳೆಯ ಸೀರೆ ಉಟ್ಟು, ಚೀಲ ತುಂಬಿಕೊಂಡು ಜಗಲಿಯಲ್ಲೇ ಕೂತಿದ್ದರು. "ನಾನೂ ಬರ್ತೇನೆ" ಎಂದರು. ನಾನು ಎರಡು ಸೀಟು ಹಿಡಿದಿದ್ದೆ, ಒಂದು ನನಗೆ, ಒಂದು ಪೆಟ್ಟಿಗೆಗೆ. ಬಸ್ಸು ಭರ್ತಿ. ಮುಂದಿನ ವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಪೆಟ್ಟಿಗೆಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಆಗಲಿ, ಹೊರಡಿ, ಮೀನು ಕೆಡ್ತದೆ" ಎಂದರು.

ಗಾಳಿಯಾಡಲಿ ಎಂದು ಪೆಟ್ಟಿಗೆಯನ್ನು ಕಿಟಕಿ ಪಕ್ಕ ಕೂರಿಸಿದೆ. ದಾರಿಯುದ್ದಕ್ಕೂ ಬಿಸಿಲು ಬಿದ್ದದ್ದು ಆ ಕಿಟಕಿಗೇ. ಹಾಸನದ ಕಡೆಯ ಕಂಡಕ್ಟರ್ ಎರಡು ಟಿಕೆಟ್ ಹರಿಯುತ್ತಾ ಕೇಳಿದ: "ಕಿಟ್ಕಿ ಪಕ್ಕ ಕೂರ್ಸಿದ್ದೀರಲ್ಲ ಸಾ, ಘಟ್ಟದಲ್ಲಿ ಇದುಕ್ಕೂ ವಾಂತಿ ಬತ್ತದಾ?"

ಇನ್ನು ನನ್ನ ಕೈಯ ವಿಷಯ. ಎಸ್ಟೇಟಿನ ಕಣದಲ್ಲಿ ಹರವಿದ ಕಾಫಿಗೆ ಗಂಟೆಗೊಮ್ಮೆ ಕೈಯಾಡಿಸಬೇಕು, ಅಡಿಯದ್ದು ಮೇಲಕ್ಕೆ, ಮೇಲಿನದ್ದು ಅಡಿಗೆ. ಇಲ್ಲದಿದ್ದರೆ ಮುಗ್ಗು ಹಿಡಿಯುತ್ತದೆ. ಇದನ್ನು ಆಳುಗಳಿಗೆ ಬೈದು ಬೈದು ಕಲಿಸಿದವನು ನಾನು. ಹಾಗಾಗಿ ಬಂಟ್ವಾಳದಲ್ಲಿ ಮುಚ್ಚಳ ತೆಗೆದು ಐಸನ್ನು ಮೇಲೆ ಕೆಳಗೆ ಮಾಡಿದೆ. ಉಪ್ಪಿನಂಗಡಿಯಲ್ಲಿ ಮಾಡಿದೆ. ನೆಲ್ಯಾಡಿಯಲ್ಲಿ ಇನ್ನೂ ಮುತುವರ್ಜಿಯಿಂದ ಮಾಡಿದೆ. ಗುಂಡ್ಯದಲ್ಲಿ ಕೈ ಹಾಕಿದಾಗ ನೀರು ಮೊಣಕೈಗೆ ಬಂತು.

"ಅದೇನ್ ಕಾಫಿ ಬೀಜ್ವೇನ್ರೀ, ಅಂಗೆ ಕೈಯಾಡಿಸ್ತಾ ಇದ್ದೀರಾ? ಮುಚ್ಬುಟ್ಟು ಸುಮ್ಕೆ ಕೂತ್ಕಳಿ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಮುಚ್ಚಿದೆ, ಆದರೆ ಒಳಗೆ ಐಸೇ ಉಳಿದಿರಲಿಲ್ಲ. ಘಟ್ಟದ ನಡುವೆ ಬಸ್ಸಿನ ರೇಡಿಯೇಟರ್ ಕುದಿದು ಮುಕ್ಕಾಲು ಗಂಟೆ ನಿಂತಿತು. ಮತ್ತೆ ಹೊರಟಾಗ ತಿರುವು ತಿರುವಿಗೂ ಮುಚ್ಚಳದ ಸಂದಿಯಿಂದ ಮೀನಿನ ನೀರು ನನ್ನ ಪ್ಯಾಂಟಿನ ಮೇಲೆ ಚೆಲ್ಲಿತು.

ಮನೆಯ ಮೆಟ್ಟಿಲಲ್ಲಿ ಪೆಟ್ಟಿಗೆ ತೆರೆದಾಗ ಬಂಗುಡೆಗಳು ಬೆಚ್ಚಗಿನ ನೀರಿನಲ್ಲಿ ತೇಲುತ್ತಿದ್ದವು. ವಾಸನೆಗೆ ಹೆಂಡತಿ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ಬೆಳಿಗ್ಗೆ ಕುಡಿದ ಅರ್ಧ ಲೋಟ ಹಾಲೂ ಹೋಯಿತು. ಎಸ್ಟೇಟಿನ ಮೇಸ್ತ್ರಿ ಮೂಗು ಮುಚ್ಚಿ ಬಗ್ಗಿ ನೋಡಿ, "ಕಿತ್ಲೆ ಗಿಡದ ಬುಡಕ್ಕೆ ಹಾಕ್ಬುಡ್ತೀನಿ ರೈಟ್ರೇ, ಒಳ್ಳೇ ಗೊಬ್ಬರ ಆಯ್ತದೆ" ಎಂದು ಎತ್ತಿಕೊಂಡು ಹೋದ.

ಅವಳು ಮುಖ ತೊಳೆದುಕೊಂಡು ಬಂದು ಕೂತಳು. ಮೀನಿನ ಮಾತೇ ಎತ್ತಲಿಲ್ಲ.

"ಅಮ್ಮ ಬರ್ತೇನೆ ಅನ್ನಲಿಲ್ವಾ?"

"ಅಂದರು. ಸೀಟಿರಲಿಲ್ಲ."

"ನಿಮ್ಮ ಪಕ್ಕದಲ್ಲಿ ಯಾರು ಕೂತಿದ್ದರು?"

"ಪೆಟ್ಟಿಗೆ" ಎಂದೆ. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಬಗ್ಗೆ ನನಗೇ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಮತ್ತೆ ಇಳಿದೆ. ಅತ್ತೆ ಚೀಲವನ್ನೇ ಬಿಚ್ಚಿರಲಿಲ್ಲ. "ನಿನ್ನೆಯೇ ಬರ್ತಿದ್ದೆ" ಎಂದಷ್ಟೇ ಹೇಳಿ ಎದ್ದರು. ಸಂಜೆ ಮನೆಗೆ ಬಂದವರೇ ಚೀಲದಿಂದ ಪೇಪರಿನ ಪೊಟ್ಟಣ ತೆಗೆದರು, ಒಣ ಸಿಗಡಿ. ಬಿಸಿಲಲ್ಲಿ ಒಣಗಿಸಿದ್ದಕ್ಕೆ ಐಸಿನ ಹಂಗೇ ಇಲ್ಲ. ಹುರಿದು, ತೆಂಗಿನಕಾಯಿ ಹಾಕಿ ಚಟ್ನಿ ಅರೆದು, ಗಂಜಿಯ ಜೊತೆ ಮಗಳ ಮುಂದಿಟ್ಟು ಪಕ್ಕದಲ್ಲಿ ಕೂತರು. ನಾನು ಬಚ್ಚಲ ಬಕೆಟ್ಟು ಹಿಡಿದು ಬಾಗಿಲಲ್ಲಿ ಸಿದ್ಧನಾಗಿ ನಿಂತಿದ್ದೆ.

ಅವಳು ನಿಧಾನವಾಗಿ ಉಂಡಳು, ಮತ್ತೆ ತಟ್ಟೆಯನ್ನು ತಾಯಿಯ ಕಡೆಗೆ ಸರಿಸಿ "ಇನ್ನೊಂದು ಸೌಟು" ಎಂದಳು. ಅತ್ತೆ ಬಡಿಸಿದರು. ನಾನು ಬಕೆಟ್ಟು ಹಿಡಿದುಕೊಂಡೇ ಅತ್ತುಬಿಟ್ಟೆ.