ಪುಸ್ತಕದಲ್ಲಿಲ್ಲದ ಜಾರು

ಮಗಳ ವಯಲಿನ್ ಕಲಿಕೆಗೆಂದು ನನ್ನ ಹಳೆಯ ಪೆಟ್ಟಿಗೆ ತೆರೆದೆ. ಬಟ್ಟೆಯಲ್ಲಿ ಸುತ್ತಿದ ರಾಳದ ತುಂಡು ಕೈಗೆ ಸಿಕ್ಕಿತು, ಕಮಾನಿಗೆ ಉಜ್ಜುವಂಥದ್ದು. ಮೂಸಿದೆ. ಗಲ್ಫಿನ ಅಬು ಹಲೀಫಾದಲ್ಲಿ ನಾನು ಬೆಳೆದ ಆ ಫ್ಲ್ಯಾಟು, ಕಿಟಕಿಯಾಚೆ ಸಂಜೆಯ ಕಡಲು, ವಯಲಿನ್ ಮಾಸ್ಟರರ ಉದ್ದನೆಯ ಕಂದು ಬೆರಳುಗಳು… ಎಲ್ಲ ಒಟ್ಟಿಗೇ ಬಂದವು.

ಅವರು ಹಂಗೇರಿಯ ರೋಮಾ ಜನ, ಎಂದೋ ಭಾರತದ ಕಡೆಯಿಂದ ವಲಸೆ ಹೋದ ಜಿಪ್ಸಿಗಳ ಪೈಕಿ. ಹತ್ತಿರದ ಹೋಟೆಲೊಂದರ ಲಾಬಿಯಲ್ಲಿ ನುಡಿಸುತ್ತಿದ್ದರು, ಶುಕ್ರವಾರ ನನಗೆ ಪಾಠ. ಅಮ್ಮನಿಗೆ ಬೇಕಾದದ್ದು ಪರೀಕ್ಷೆಯ ಸರ್ಟಿಫಿಕೇಟು. ಮಾಸ್ಟರ್ ಮಾತ್ರ ಬಂದವರೇ ಪುಸ್ತಕ ಮುಚ್ಚಿಡುತ್ತಿದ್ದರು. "ನೋ ಬುಕ್. ಕಾನ್!" ಎಂದು ಕಿವಿ ಮುಟ್ಟಿ ತೋರಿಸುತ್ತಿದ್ದರು. ಅವರ ಭಾಷೆಯಲ್ಲೂ ಕಿವಿಗೆ ಕಾನ್ ಎನ್ನುವುದಂತೆ, ನಮ್ಮ ಕೊಂಕಣಿಯ ಹಾಗೆಯೇ. ಮೊದಲ ದಿನ ಅಮ್ಮ ಅಡುಗೆಮನೆಯಿಂದ ಓಡಿಬಂದು, "ಅಯ್ಯೋ ದೇವರೇ, ಇವರಿಗೆ ಕೊಂಕಣಿ ಬರ್ತದಾ?" ಎಂದು ಬಾಯಿ ಬಿಟ್ಟು ನಿಂತಿದ್ದರು. ಅಂದಿನಿಂದ ಅವರಿಗೆ ಚಹಾದ ಜೊತೆ ನೀರುದೋಸೆಯೂ ಸಿಗತೊಡಗಿತು.

ಆ ವರ್ಷದ ಪರೀಕ್ಷೆಗೆ ಹಂಗೇರಿಯ ಕುಣಿತದ ಧಾಟಿಯ ಒಂದು ರಚನೆ ಇತ್ತು. ಮೊದಲು ನಿಧಾನ, ಆಮೇಲೆ ಹುಚ್ಚು ಓಟ. ಅದು ತಮ್ಮ ಅಪ್ಪ, ಅಜ್ಜ ಮದುವೆಗಳಲ್ಲಿ, ಹೆಂಡದಂಗಡಿಗಳಲ್ಲಿ ನುಡಿಸುತ್ತಿದ್ದ ರೀತಿ ಎಂದರು ಮಾಸ್ಟರ್. ದೊಡ್ಡ ದೊಡ್ಡ ಸಂಗೀತಗಾರರು ಅಂಥವರು ನುಡಿಸುವುದನ್ನು ಕೇಳಿ, ಸ್ವರ ಬರೆದುಕೊಂಡು ಹೋದರಂತೆ. ಪುಸ್ತಕದಲ್ಲಿ ಬರೆದವರ ಹೆಸರಿತ್ತು, ನುಡಿಸಿದವರದು ಇರಲಿಲ್ಲ. ನಿಧಾನದ ಭಾಗ ಮುಗಿಯುವಲ್ಲಿ ಅವರ ಬೆರಳು ತಂತಿಯ ಮೇಲೆ ತಡೆದು ತಡೆದು ಜಾರುತ್ತಿತ್ತು, ಅಳು ನುಂಗಿದ ಹಾಗೆ… ಆ ಜಾರೂ ಪುಸ್ತಕದಲ್ಲಿರಲಿಲ್ಲ.

ಒಂದೇ ಒಂದು ಸಲ ಪರೀಕ್ಷಕರ ಮುಂದೆ ತಮ್ಮಪ್ಪನ ಹಾಗೆ ನುಡಿಸು ಎಂದು ಮಾಸ್ಟರ್ ಕೇಳಿಕೊಂಡರು. ಹೂಂ ಎಂದೆ. ತಿಂಗಳುಗಟ್ಟಲೆ ಕಲಿತೆ. ಜಾರು ಕೈಗೆ ಕೂತಿತ್ತು ಕೂಡ.

ಪರೀಕ್ಷೆಯ ದಿನ ದಾರಿಯುದ್ದಕ್ಕೂ ಅಮ್ಮನದು ಒಂದೇ ಮಾತು. "ಪುಸ್ತಕದಲ್ಲಿ ಇದ್ದ ಹಾಗೇ ಬಾರಿಸು ಮಾರಾಯ್ತಿ, ಹೋದ ಮಾರ್ಕ್ ಮತ್ತೆ ಸಿಗ್ಲಿಕ್ಕಿಲ್ಲ." ನಾನೋ ಮೊದಲೇ ಪುಕ್ಕಲಿ. ಪುಸ್ತಕದಲ್ಲಿದ್ದಂತೆಯೇ ನುಡಿಸಿ ಹೊರಗೆ ಬಂದರೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮಾಸ್ಟರ್! ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. "ನೀವು ಹೇಳಿದ ಹಾಗೇ ನುಡಿಸಿದೆ ಮಾಸ್ಟರ್," ಎಂದುಬಿಟ್ಟೆ. ಬಾಗಿಲು ತೆಳ್ಳಗಿತ್ತು, ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಗುಡ್, ಗುಡ್," ಎಂದು ಜೇಬಿನಿಂದ ಈ ರಾಳ ತೆಗೆದು ನನ್ನ ಕೈಗಿಟ್ಟರು.

ರಜೆಗೆ ಊರಿಗೆ ಹೋಗಿ ಬರುವಷ್ಟರಲ್ಲಿ ಅವರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮುಗಿದು ದೇಶ ಬಿಟ್ಟು ಹೋಗಿದ್ದರು. ವಿಳಾಸ ಕೇಳಿಟ್ಟುಕೊಳ್ಳುವ ಬುದ್ಧಿ ನನಗಿರಲಿಲ್ಲ. ಅಮ್ಮ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದರು.

ನಿನ್ನೆ ಮಗಳಿಗೆ ಆ ಪರೀಕ್ಷೆಯ ರಚನೆಯನ್ನೇ ನುಡಿಸಿ ತೋರಿಸಲು ಕೂತೆ. ಬೆರಳು ಜಾರುತ್ತದೆ, ಆದರೆ ತಡೆಯಬೇಕಾದಲ್ಲಿ ತಡೆಯುವುದಿಲ್ಲ. ಹತ್ತಿರ ಬಂದಂತಾಗಿ ತಪ್ಪಿಹೋಗುತ್ತದೆ…

"ಮಮ್ಮಿ, ದಟ್ಸ್ ನಾಟ್ ಇನ್ ದ ಬುಕ್," ಎಂದಳು.

"ಇಲ್ಲ ಮಗಾ. ಅದು ನನ್ನ ಮಾಸ್ಟರರ ಅಪ್ಪನದು."

"ನೀನು ಎಕ್ಸಾಮಲ್ಲಿ ಹೀಗೆ ಪ್ಲೇ ಮಾಡಿದಾಗ ಅವರು ಏನಂದ್ರು?"

"ಗುಡ್, ಗುಡ್ ಅಂದ್ರು," ಎಂದೆ. ಮುಂದಕ್ಕೆ ನುಡಿಸಲು ನನ್ನಿಂದಾಗಲಿಲ್ಲ.